ಅಕ್ಕನಿಗೊಂದು ಓಲೆ

ಯೆರೆವಾನ್, ಅರ್ಮೇನಿಯಾ, ಡಿಸೆಂಬರ್ 14

ಅಮ್ಮ,

ನಿನಗೂ ಅಪ್ಪನಿಗೂ ನಮಸ್ಕಾರ. ನಾನು ಚೆನ್ನಾಗಿದೀನಿ. ಚಳಿ ಜೋರು, ಆದರೆ ರೂಮಲ್ಲಿ ಹೀಟರ್ ಇದೆ, ನೀನು ಕೊಟ್ಟ ಸ್ವೆಟರ್ ಇದೆ, ಅಡುಗೆ ನಾವೇ ಮಾಡ್ಕೋತೀವಿ. ನನ್ನ ಚಿಂತೆ ಬಿಟ್ಟುಬಿಡು.

ಅಕ್ಕನ ಗರ್ಭ ಹೋಯ್ತು ಅಂತ ಓದಿದಾಗಿನಿಂದ ಪುಸ್ತಕ ಹಿಡಿದರೆ ತಲೆಗೆ ಹತ್ತುತ್ತಿಲ್ಲ. ಹಿಮೋಗ್ಲೋಬಿನ್ 8 ಇದೆ, ದಿನಾ ದಾಳಿಂಬೆ ರಸ ಕೊಡ್ತಿದೀವಿ ಅಂತ ಬರೆದಿದೀಯ. ನಮ್ಮ ತೋಟದ ಹಣ್ಣು, ಕೊಡು. ಆದರೆ ಅದರ ಕೆಂಪು ರಕ್ತ ಆಗಲ್ಲಮ್ಮ, ಅದರಲ್ಲಿ ಕಬ್ಬಿಣದ ಅಂಶ ಬಹಳ ಕಡಿಮೆ. ಡಾಕ್ಟರ್ ಬರೆದ ಮಾತ್ರೆ ಒಂದು ದಿನವೂ ತಪ್ಪಿಸಬೇಡ. ಮಾತ್ರೆ ಜೊತೆಗೆ ಕಾಫಿ, ಟೀ ಬೇಡ, ಮೈಗೆ ಹತ್ತಲ್ಲ. ನಿಂಬೆಹಣ್ಣಿನ ಪಾನಕ ಕೊಡು.

ತುಂಬಿದ ಬಿಂದಿಗೆ ಎತ್ತಿದ್ದಕ್ಕೇ ಹೀಗಾಯ್ತು ಅಂದರಂತಲ್ಲ ಅವಳತ್ತೆ, ಅದನ್ನು ಓದಿ ನನಗೆ ಅಳು ಬಂತು. ಮೊದಲ 3 ತಿಂಗಳಲ್ಲಿ ಹೋಗುವ ಗರ್ಭಗಳಲ್ಲಿ ಸುಮಾರು ಅರ್ಧದಷ್ಟು, ಭ್ರೂಣದ ಕ್ರೋಮೋಸೋಮಿನಲ್ಲೇ ಏರುಪೇರಾಗಿ ನಿಲ್ಲದೆ ಹೋಗುವಂಥವು. ಬಿಂದಿಗೆಯಿಂದಲ್ಲ, ಪಪ್ಪಾಯದಿಂದಲ್ಲ, ಅಕ್ಕನಿಂದಂತೂ ಅಲ್ಲವೇ ಅಲ್ಲ. ಅಪ್ಪನೇ ಹೋಗಿ ಭಾವನ ಹತ್ತಿರ ಕೂತು ಇದನ್ನು ಹೇಳಲಿ.

ಈಗ ಡಬ್ಬಿಯಲ್ಲಿರುವ ಕಿವಿಯೋಲೆಯ ಮಾತು. ಅಕ್ಕ ಬಸುರಿ ಅಂತ ತಿಳಿದ ವಾರವೇ ಅವಳ ಸೀಮಂತಕ್ಕೆ ಅಂತ ತಗೊಂಡಿಟ್ಟಿದ್ದೆ. ಇಲ್ಲಿ ರಿಪಬ್ಲಿಕ್ ಸ್ಕ್ವೇರ್ ಹತ್ತಿರ ವೆರ್ನಿಸಾಜ್ ಅಂತ ಬಯಲು ಸಂತೆ ಇದೆ, ಕೈಯಲ್ಲಿ ಮಾಡಿದ ಸಾಮಾನಿಗೆ ಹೆಸರುವಾಸಿ. ಒಬ್ಬ ಅಜ್ಜಿ ಮನೆಯಲ್ಲೇ ಮಾಡಿ ತಂದು ಮಾರ್ತಾರೆ. ಸೀಳಿದ ದಾಳಿಂಬೆ, ಹೆಬ್ಬೆರಳ ಉಗುರಿನಷ್ಟು, ಬೆಳ್ಳಿಯದು. ತಲೆ ಮೇಲೆ ಪುಟ್ಟ ಕಿರೀಟ. ಒಳಗೆ ಒಂದೊಂದು ಗಾರ್ನೆಟ್ ಕಲ್ಲಿಗೂ ಒಂದೊಂದು ಗೂಡು. ಬೆಳಕಿಗೆ ಹಿಡಿದರೆ ನಮ್ಮ ಹಣ್ಣಿನ ಕಾಳೇ. ಒಂದರಲ್ಲಿ 7 ಕಲ್ಲು, ಇನ್ನೊಂದರಲ್ಲಿ 8. ಯಾಕೆ ಹೀಗೆ ಅಂದೆ. ಯಾವ ಗಿಡ ಎಣಿಸಿ ಕೊಡುತ್ತೆ ಅಂದರು.

ದಾಳಿಂಬೆಗೆ ಇವರು 'ನೂರ್' ಅಂತಾರೆ, ನಮ್ಮ ನೂರು ಇದ್ದ ಹಾಗೆ. ಗಾರ್ನೆಟ್ಟಿಗೆ ಇವರ ಭಾಷೆಯಲ್ಲಿ ದಾಳಿಂಬೆಕಲ್ಲು ಅಂತಲೇ ಹೆಸರು. ಒಂದು ಹಣ್ಣಲ್ಲಿ 365 ಕಾಳು, ದಿನಕ್ಕೊಂದು ಅಂತ ನಂಬಿಕೆ. 7ನೇ ಶತಮಾನದ ಚರ್ಚಿನ ಪಾಳುಗಲ್ಲುಗಳ ಮೇಲೂ ಇದೇ ಹಣ್ಣು ಕೆತ್ತಿದಾರೆ. ಹಿಂದೆಲ್ಲ ಮದುವೆಯಲ್ಲಿ ಹುಡುಗಿ ದಾಳಿಂಬೆಯನ್ನು ನೆಲಕ್ಕೆ ಎಸೆದು ಒಡೀತಿದ್ದಳಂತೆ. ಚೆಲ್ಲಿದ ಕಾಳು ಮಕ್ಕಳ ಭಾಗ್ಯ. ನಾನು ತಗೊಂಡಿದ್ದೂ ಅದಕ್ಕೇ.

ನಿನ್ನ ಪತ್ರ ಬಂದ ಮೇಲೆ ಅದನ್ನು ನೋಡೋಕೇ ಆಗಲಿಲ್ಲ. ಬೇರೆ ಏನಾದರೂ ಬದಲಾಯಿಸಿಕೊಳ್ಳೋಣ ಅಂತ ಶನಿವಾರ ತಗೊಂಡು ಹೋದೆ. ನನಗೆ ಬರುವ ಅಷ್ಟಿಷ್ಟು ಅರ್ಮೇನಿಯನ್ನಲ್ಲೇ ವಿಷಯ ಹೇಳಿದೆ. ಅಜ್ಜಿ ಡಬ್ಬಿ ಮುಚ್ಚಿ ನನ್ನ ಕೈಗೇ ಇಟ್ಟರು. 1915ರ ಅರ್ಮೇನಿಯನ್ನರ ನರಮೇಧದಲ್ಲಿ ಅವರ ಅಜ್ಜಿಯ ಕಡೆಯವರು ಊರು ಕಳಕೊಂಡು ದೇಶದೇಶಕ್ಕೆ ಚದುರಿ ಹೋದರಂತೆ. ಅವರೆಲ್ಲರ ಮನೆಯಲ್ಲೂ ಈ ಹಣ್ಣು ಇದೆ, ಎಲ್ಲಿ ಬಿದ್ದರೂ ನಾವು ಒಂದೇ ಸಿಪ್ಪೆಯೊಳಗಿನ ಕಾಳು ಅಂದರು. ಅದಕ್ಕೇ ಕಳಿಸ್ತಿದೀನಿ. ಅಕ್ಕ ಹಿರಿಯೂರಲ್ಲಿ, ನಾನು ಇಲ್ಲಿ.

ಮದುವೆಯಲ್ಲಿ ಹಣ್ಣು ಒಡೆಯೋ ವಿಷಯ ಅಕ್ಕನಿಗೆ ಹೇಳಬೇಡಮ್ಮ. ಸಂತಾನಕ್ಕೆ ಅಂತ ದೇವರ ಮುಂದಿಟ್ಟು ಹರಕೆಯನ್ನೂ ಕಟ್ಟಬೇಡ. ತಂಗಿ ಕಳಿಸಿದ್ದು, ಅಷ್ಟೇ ಸಾಕು. ನಮ್ಮಜ್ಜಿ ಇದನ್ನು ರಾಹುವಿನ ಕಲ್ಲು ಅಂದಾರು. ಗೋಮೇಧಕ ಇದೇ ಜಾತಿಯದು ನಿಜ, ಆದರೆ ಅದು ಜೇನಿನ ಬಣ್ಣದ್ದು. ಇದು ಕೆಂಪು, ಬೇರೆ. ಆಮೇಲೆ, ಬೆಳ್ಳಿ ಕಪ್ಪಾಗಿದೆ ಅಂತ ಹುಣಸೆಹಣ್ಣು ಹಾಕಿ ಉಜ್ಜಬೇಡ. ಆ ಕಪ್ಪು ಬೇಕಂತಲೇ ಕೂರಿಸಿದ್ದು, ಕಾಳಿನ ಸಾಲು ಎದ್ದು ಕಾಣೋದೇ ಅದರಿಂದ.

14,000 ದ್ರಾಮ್ ಆಯ್ತು, ಸುಮಾರು 3,000 ರೂಪಾಯಿ. ಫೀಸಿನ ದುಡ್ಡು ಮುಟ್ಟಿಲ್ಲ ಅಂತ ಅಪ್ಪನಿಗೆ ಹೇಳು, ನಾನೇ ಉಳಿಸಿದ್ದು. ನಿಜವಾಗಲೂ ಇಲ್ಲಿ ಏನೂ ಕಷ್ಟ ಇಲ್ಲ.

ದಾವಣಗೆರೆಯ ಸೀನಿಯರ್ ಇವತ್ತೇ ಹೊರಡ್ತಿದಾಳೆ, ಬಾಗಿಲಲ್ಲಿ ನಿಂತು ಕರೀತಿದಾಳೆ. ಡಬ್ಬಿ, ಪತ್ರ ಎರಡೂ ಅವಳ ಕೈಲಿ. ಮಾತ್ರೆ ಮರೀಬೇಡಿ. ಅಕ್ಕನ ಹತ್ತಿರ ಭಾನುವಾರ ಮಾತಾಡ್ತೀನಿ.

ನಿನ್ನ
ಪುಟ್ಟಿ