ಕೂಲಿಯ ಬಾಕಿ ತೀರಿದ ಮೇಲೆ ಸಾಮಾಜಿಕ ಹೊಣೆಯ ಮಾತು

ಮಾನ್ಯ ಸಂಪಾದಕರೇ,

ಕಂಪನಿಗಳು ಸರ್ಕಾರಿ ಶಾಲೆಗೆ ಕೊಠಡಿ ಕಟ್ಟಿಸಿಕೊಟ್ಟ, ಕೆರೆಯ ಹೂಳೆತ್ತಿಸಿದ, ಆಸ್ಪತ್ರೆಗೆ ಉಪಕರಣ ಕೊಟ್ಟ ಸುದ್ದಿಗಳು ಪತ್ರಿಕೆಗಳಲ್ಲಿ ಆಗಾಗ ಬರುತ್ತಿರುತ್ತವೆ. ಇವೆಲ್ಲ ಊರಿಗೆ ಬೇಕಾದ ಕೆಲಸಗಳೇ, ಮಾಡಿದವರನ್ನು ಮೆಚ್ಚಲೇಬೇಕು. ಆದರೆ ಉದ್ಯಮದ ಸಾಮಾಜಿಕ ಹೊಣೆ ಎಂದರೆ ಇಷ್ಟೇ ಎಂಬ ಭಾವನೆ ದಿನೇ ದಿನೇ ಬಲಗೊಳ್ಳುತ್ತಿರುವುದನ್ನು ಕಂಡು, ಗಾರ್ಮೆಂಟ್ಸ್ ಕಾರ್ಖಾನೆಯ ಲೆಕ್ಕಪತ್ರ ವಿಭಾಗದಲ್ಲಿ ಬಹುಕಾಲ ದುಡಿದ ನಾನು ಈ ಪತ್ರ ಬರೆಯುತ್ತಿದ್ದೇನೆ.

2013 ರ ಕಂಪನಿ ಕಾಯ್ದೆಯ 135 ನೇ ಸೆಕ್ಷನ್ ಪ್ರಕಾರ, 500 ಕೋಟಿ ರೂಪಾಯಿ ನಿವ್ವಳ ಮೌಲ್ಯ, 1,000 ಕೋಟಿ ವಹಿವಾಟು ಅಥವಾ 5 ಕೋಟಿ ನಿವ್ವಳ ಲಾಭ, ಇವುಗಳಲ್ಲಿ ಯಾವುದಾದರೊಂದನ್ನು ಮುಟ್ಟಿದ ಕಂಪನಿಯು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 2 ರಷ್ಟನ್ನು ಸಮಾಜದ ಕೆಲಸಕ್ಕೆ ವೆಚ್ಚ ಮಾಡಬೇಕು. 2021 ರ ತಿದ್ದುಪಡಿಯ ನಂತರ, ವೆಚ್ಚವಾಗದೆ ಉಳಿದ ಹಣವನ್ನು ನಿಗದಿತ ನಿಧಿಗೆ ಅಥವಾ ಪ್ರತ್ಯೇಕ ಖಾತೆಗೆ ವರ್ಗಾಯಿಸದಿದ್ದರೆ ದಂಡವೂ ಇದೆ. ಸ್ವಂತ ನೌಕರರಿಗಷ್ಟೇ ಅನುಕೂಲವಾಗುವ ಖರ್ಚನ್ನು ಈ ಲೆಕ್ಕಕ್ಕೆ ಸೇರಿಸುವಂತಿಲ್ಲ ಎಂದು ನಿಯಮಗಳು ಸ್ಪಷ್ಟವಾಗಿ ಹೇಳುತ್ತವೆ. ಇದು ಸರಿಯಾದ ನಿಯಮ, ಏಕೆಂದರೆ ದುಡಿದವರಿಗೆ ಸಲ್ಲಬೇಕಾದದ್ದು ದಾನವಲ್ಲ. ಆದರೆ ಹಾಗೆ ಸಲ್ಲಬೇಕಾದದ್ದು ಸಂದಿದೆಯೇ ಎಂದು ಈ ಕಾನೂನು ಎಲ್ಲಿಯೂ ಕೇಳುವುದಿಲ್ಲ. ನನ್ನ ತಕರಾರು ಇರುವುದು ಇಲ್ಲಿಯೇ.

2020 ರಲ್ಲಿ ನಡೆದದ್ದನ್ನು ಓದುಗರಿಗೆ ನೆನಪಿಸಬಯಸುತ್ತೇನೆ. ನಮ್ಮ ರಾಜ್ಯದಲ್ಲಿ ಕನಿಷ್ಠ ವೇತನದೊಂದಿಗೆ ಸೇರುವ ತುಟ್ಟಿಭತ್ಯೆಯು ಬೆಲೆ ಸೂಚ್ಯಂಕಕ್ಕೆ ಅನುಗುಣವಾಗಿ ಪ್ರತಿ ವರ್ಷ ಏಪ್ರಿಲ್ 1 ರಿಂದ ಪರಿಷ್ಕೃತವಾಗುತ್ತದೆ. ಆ ವರ್ಷದ ಹೆಚ್ಚಳ ತಿಂಗಳಿಗೆ ಸುಮಾರು 417 ರೂಪಾಯಿ. ಕೊರೊನಾ ಸಂಕಷ್ಟದ ಕಾರಣಕ್ಕೆ ರಾಜ್ಯ ಸರ್ಕಾರವೇ ಆದೇಶ ಹೊರಡಿಸಿ ಅದನ್ನು ಮುಂದೂಡಿತು. ಕಾರ್ಮಿಕ ಸಂಘಟನೆಗಳು ನ್ಯಾಯಾಲಯಕ್ಕೆ ಹೋದವು, ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ ಆ ಆದೇಶಕ್ಕೆ ತಡೆ ನೀಡಿತು. ತಡೆ ಬಂದ ಮೇಲೂ ಬಹುತೇಕ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಹೆಚ್ಚಳ ಕೈಗೆ ಬರಲಿಲ್ಲ. ಬಾಧಿತರು ನಾಲ್ಕು ಲಕ್ಷಕ್ಕೂ ಹೆಚ್ಚು ಮಂದಿ, ಅವರಲ್ಲಿ ಹೆಚ್ಚಿನವರು ಮಹಿಳೆಯರು. ವಿಷಯ ಹೊರದೇಶದ ಪತ್ರಿಕೆಗಳಲ್ಲಿ ಬಂದು, ಬಟ್ಟೆ ಕೊಳ್ಳುವ ಬ್ರ್ಯಾಂಡ್‌ಗಳ ಮೇಲೆ ಒತ್ತಡ ಬಿದ್ದು, ಆ ಒತ್ತಡ ಇಲ್ಲಿಗೆ ಇಳಿದ ಮೇಲಷ್ಟೇ, 2022 ರ ಆರಂಭದಲ್ಲಿ, ದೊಡ್ಡ ಕಂಪನಿಗಳು ಬಾಕಿ ಪಾವತಿಗೆ ಮುಂದಾದವು. ನಮ್ಮ ಕಾರ್ಮಿಕ ಇಲಾಖೆ ಕೊಡಿಸಬೇಕಿದ್ದ ಕೂಲಿಯನ್ನು ಹೊರದೇಶದ ಗ್ರಾಹಕರ ಅಸಮಾಧಾನ ಕೊಡಿಸಬೇಕಾಯಿತಲ್ಲ ಎಂಬ ನೋವು ನನಗೆ ಈಗಲೂ ಇದೆ.

417 ರೂಪಾಯಿ ಏನು ಮಹಾ ಎಂದು ಕೇಳಿದವರನ್ನು ನಾನು ಕಂಡಿದ್ದೇನೆ. ಆಗ ಒಬ್ಬ ಟೈಲರ್‌ಗೆ ಸಿಗುತ್ತಿದ್ದದ್ದು ತಿಂಗಳಿಗೆ ಎಂಟೊಂಬತ್ತು ಸಾವಿರ. ಸಂಬಳದ ಚೀಟಿಯಲ್ಲಿ ಮೂಲ ವೇತನದ ಕೆಳಗೆ ತುಟ್ಟಿಭತ್ಯೆಯ ಸಾಲು ಇರುತ್ತದೆ, ಅದರ ಕೆಳಗಿನ ಲೆಕ್ಕವೆಲ್ಲ ಈ ಎರಡು ಸಾಲುಗಳ ಮೇಲೆ ನಿಲ್ಲುತ್ತದೆ. ಭತ್ಯೆಯಲ್ಲಿ 417 ರೂಪಾಯಿ ಕಡಿಮೆಯಾದರೆ ಶೇ 12 ರಂತೆ ಭವಿಷ್ಯನಿಧಿಗೆ ಹೋಗಬೇಕಾದ 50 ರೂಪಾಯಿ ಕಾರ್ಮಿಕಳ ಪಾಲಿನಿಂದಲೂ ಅಷ್ಟೇ ಮೊತ್ತ ಮಾಲೀಕರ ಪಾಲಿನಿಂದಲೂ ತಪ್ಪುತ್ತದೆ. ಓಟಿಯ ದುಪ್ಪಟ್ಟು ದರ ಇಳಿಯುತ್ತದೆ, ಆ ಅವಧಿಯಲ್ಲಿ ಕೆಲಸ ಬಿಟ್ಟವರ ಗ್ರಾಚ್ಯುಟಿಯೂ ಇಳಿಯುತ್ತದೆ. ಭತ್ಯೆಯೊಂದರಲ್ಲೇ ವರ್ಷಕ್ಕೆ ಐದು ಸಾವಿರ ಖೋತಾ, ಅಂದರೆ ಅರ್ಧ ತಿಂಗಳಿಗೂ ಹೆಚ್ಚಿನ ಸಂಬಳ. ಭವಿಷ್ಯನಿಧಿ ಈ ಹೆಣ್ಣುಮಕ್ಕಳಿಗೆ ಎಷ್ಟು ಮುಖ್ಯ ಎಂಬುದನ್ನು ಬೆಂಗಳೂರು 2016 ರ ಏಪ್ರಿಲ್‌ನಲ್ಲೇ ನೋಡಿದೆ: ಹಣ ಹಿಂಪಡೆಯುವ ನಿಯಮ ಬದಲಾದಾಗ ಸಾವಿರಾರು ಗಾರ್ಮೆಂಟ್ಸ್ ಮಹಿಳೆಯರು ಯಾವ ನಾಯಕರ ಕರೆಗೂ ಕಾಯದೆ ರಸ್ತೆಗಿಳಿದರು, ಕೇಂದ್ರ ಸರ್ಕಾರ ಎರಡೇ ದಿನಗಳಲ್ಲಿ ಆ ನಿಯಮ ಹಿಂಪಡೆಯಿತು.

ಲೆಕ್ಕಪತ್ರ ಬರೆದವನಾಗಿ ಇನ್ನೊಂದು ಮಾತನ್ನೂ ಹೇಳಲೇಬೇಕು. ಕೊಡಬೇಕಾದ ಕೂಲಿಯನ್ನು ಕೊಡದೆ, ಖರ್ಚಿನ ಬಾಬ್ತಿನಲ್ಲಿಯೂ ತೋರಿಸದೆ ಬಿಟ್ಟರೆ ಅದು ಆ ವರ್ಷದ ಲಾಭವಾಗಿ ಕಾಣುತ್ತದೆ. ಅಂಥ ಪ್ರತಿ ನೂರು ರೂಪಾಯಿಯಲ್ಲಿ ಸರಾಸರಿಯ ಲೆಕ್ಕದಂತೆ ಎರಡು ರೂಪಾಯಿ ಸಾಮಾಜಿಕ ಹೊಣೆಗಾರಿಕೆಯ ವೆಚ್ಚವಾಗಿ ಹೊರಬರುತ್ತದೆ, ತೆರಿಗೆ ಕಳೆದು ಉಳಿದದ್ದು ಕಂಪನಿಯಲ್ಲೇ ಇರುತ್ತದೆ. ಹೊಲಿದವಳ ಮಗಳು ಓದುವ ಶಾಲೆಗೆ ಆ ಎರಡು ರೂಪಾಯಿಯಲ್ಲಿ ಬೆಂಚು ಬರಬಹುದು. ಆದರೆ ಆ ಮಗುವಿನ ಫೀಸು, ಮನೆ ಬಾಡಿಗೆ, ರೇಷನ್ ಎಲ್ಲವೂ ನಡೆಯಬೇಕಿದ್ದದ್ದು ತಾಯಿಗೆ ಸಿಗದೇ ಹೋದ ನೂರು ರೂಪಾಯಿಯಲ್ಲಿ.

ಈ ವಿಷಯದಲ್ಲಿ ಸುಪ್ರೀಂ ಕೋರ್ಟ್‌ನ ನಿಲುವು ಹೊಸದೇನಲ್ಲ. ಕನಿಷ್ಠ ವೇತನವನ್ನೂ ಕೊಡಲಾಗದ ಉದ್ಯಮಕ್ಕೆ ಅಸ್ತಿತ್ವದ ಹಕ್ಕೇ ಇಲ್ಲ ಎಂದು 1958 ರಲ್ಲಿ ಕ್ರೌನ್ ಅಲ್ಯೂಮಿನಿಯಂ ಪ್ರಕರಣದಲ್ಲಿ ಅದು ಹೇಳಿತ್ತು. 1982 ರಲ್ಲಿ, ದೆಹಲಿಯ ಏಷ್ಯನ್ ಕ್ರೀಡಾಕೂಟದ (ಏಷ್ಯಾಡ್) ಕಾಮಗಾರಿಯ ಕಾರ್ಮಿಕರ ಪ್ರಕರಣದಲ್ಲಿ, ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸಿಕೊಳ್ಳುವುದು ಸಂವಿಧಾನದ 23 ನೇ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆಯೇ ಎಂದಿತು. ಮರು ವರ್ಷ ರಾಜಸ್ಥಾನದ ಬರ ಪರಿಹಾರ ಕಾಮಗಾರಿಯ ಪ್ರಕರಣದಲ್ಲಿ, ಕಷ್ಟಕಾಲದ ನೆಪದಲ್ಲಿ ಸರ್ಕಾರ ಕೂಡ ಇದರಿಂದ ವಿನಾಯಿತಿ ಪಡೆಯುವಂತಿಲ್ಲ ಎಂದು ತೀರ್ಪಿತ್ತಿತು. ಇಷ್ಟೆಲ್ಲ ಇದ್ದೂ 2020 ರ ಆದೇಶ ವಿಧಾನಸೌಧದಿಂದ ಹೊರಬಿದ್ದದ್ದು ಹೇಗೆ ಎಂಬುದಕ್ಕೆ ನನಗೆ ಇಂದಿಗೂ ಸಮಾಧಾನಕರ ಉತ್ತರ ಸಿಕ್ಕಿಲ್ಲ.

ಮಾಲೀಕರ ಕಷ್ಟ ನನಗೆ ಗೊತ್ತಿಲ್ಲದ್ದಲ್ಲ. 2020 ರ ಮಾರ್ಚ್‌ನಲ್ಲಿ ಬ್ರ್ಯಾಂಡ್‌ಗಳು ಸಿದ್ಧವಾದ ಆರ್ಡರ್‌ಗಳನ್ನೂ ರದ್ದುಪಡಿಸಿದವು. ಒಂದು ಪೀಸ್‌ಗೆ ಇಷ್ಟೇ ದರ, ಒಪ್ಪದಿದ್ದರೆ ಬಾಂಗ್ಲಾದೇಶ ಇದೆ ಎನ್ನುವ ಖರೀದಿದಾರರ ಮುಂದೆ ಸಣ್ಣ ಕಾರ್ಖಾನೆಯವರ ಮಾತು ನಡೆಯುವುದಿಲ್ಲ. ಆದರೆ ಇದೇ ಕಾರಣಕ್ಕೆ ಸರ್ಕಾರ ಬಿಗಿಯಾಗಿರಬೇಕು ಎನ್ನುತ್ತೇನೆ. ಭತ್ಯೆಯನ್ನು ಸಮಯಕ್ಕೆ ಸರಿಯಾಗಿ ಕೊಟ್ಟ ಮಾಲೀಕರೂ ನಮ್ಮಲ್ಲಿ ಇದ್ದರು. ಪಕ್ಕದ ಕಾರ್ಖಾನೆಯವನು ಕೊಡದೆ ಆರ್ಡರ್ ಗಿಟ್ಟಿಸಿಕೊಂಡರೆ ಅವರು ನೀತಿಯಿಂದ ನಡೆದದ್ದಕ್ಕೆ ನಷ್ಟ ತೆತ್ತಂತಾಯಿತು. ಎಲ್ಲರಿಗೂ ಒಂದೇ ನಿಯಮ, ಮೀರಿದರೆ ಎಲ್ಲರಿಗೂ ಒಂದೇ ಕ್ರಮ ಎಂದಾದಾಗ ಮಾತ್ರ ಪ್ರಾಮಾಣಿಕ ಮಾಲೀಕನು ಖರೀದಿದಾರನ ಎದುರು ಕೂತು, ಕೂಲಿಯ ಈ ಮೊತ್ತ ಇಳಿಸಲಾರೆ ಎಂದು ಧೈರ್ಯವಾಗಿ ಹೇಳಬಲ್ಲ.

ಬ್ರ್ಯಾಂಡ್‌ಗಳು ನಡೆಸುವ ಸೋಷಿಯಲ್ ಆಡಿಟ್, ಅಂದರೆ ಕಾರ್ಖಾನೆಯ ಕೆಲಸದ ಸ್ಥಿತಿಗತಿಯ ತಪಾಸಣೆ, ಈ ಕೆಲಸ ಮಾಡುತ್ತದೆ ಎಂಬ ವಾದವನ್ನು ನಾನು ಒಪ್ಪಲಾರೆ. ಢಾಕಾ ಬಳಿಯ ಸಾವರ್‌ನಲ್ಲಿ 2013 ರ ಏಪ್ರಿಲ್ 24 ರಂದು ಕುಸಿದು 1,134 ಜನರನ್ನು ಬಲಿ ತೆಗೆದುಕೊಂಡ ರಾಣಾ ಪ್ಲಾಜಾ ಕಟ್ಟಡದ ಕೆಲವು ಗಾರ್ಮೆಂಟ್ಸ್ ಕಾರ್ಖಾನೆಗಳೂ ಅಂಥ ಆಡಿಟ್‌ನಲ್ಲಿ ಪಾಸಾಗಿದ್ದವು. ಗೋಡೆಯಲ್ಲಿ ಬಿರುಕು ಕಾಣಿಸಿದ ಮರುದಿನ ಕಾರ್ಮಿಕರನ್ನು ಬಲವಂತವಾಗಿ ಒಳಗೆ ಕಳಿಸಲಾಗಿತ್ತು. ನಮ್ಮಲ್ಲಿ ಆಡಿಟ್‌ನವರು ಬರುವ ದಿನ ಮೊದಲೇ ಗೊತ್ತಿರುತ್ತಿತ್ತು, ಅಂದು ಮಾತ್ರ ಶಿಶುಪಾಲನಾ ಕೊಠಡಿಯಲ್ಲಿ ಆಟಿಕೆಗಳು ಕಾಣುತ್ತಿದ್ದವು. ಹೇಳದೆ ಕೇಳದೆ ಬಂದು ಹಾಜರಿ ಪುಸ್ತಕ, ವೇತನ ಪಟ್ಟಿ ತೆಗೆಸುವ ಅಧಿಕಾರ ಇರುವುದು ಸರ್ಕಾರದ ಇನ್‌ಸ್ಪೆಕ್ಟರ್‌ಗೆ. ಈಗ ಕೇಂದ್ರದ ಹೊಸ ಕಾನೂನಾದ ವೇತನ ಸಂಹಿತೆಯಲ್ಲಿ ಅವರಿಗೆ ಸಲಹೆ ನೀಡುವ ಸುಗಮಕಾರರ ಪಾತ್ರವನ್ನೂ ವಹಿಸಲಾಗಿದ್ದು, ಮೊಕದ್ದಮೆಗೆ ಮುನ್ನ ತಪ್ಪು ತಿದ್ದಿಕೊಳ್ಳಲು ಅವಕಾಶ ಕೊಡಬೇಕೆಂದಿದೆ. ಸಲಹೆ ಕೊಡುವುದಕ್ಕೆ ನನ್ನ ವಿರೋಧವಿಲ್ಲ, ತಪಾಸಣೆ ಹಿಂದೆ ಸರಿಯಬಾರದು ಅಷ್ಟೇ.

ರಾಜ್ಯದ ಜವಳಿ ನೀತಿಯಡಿ ಗಾರ್ಮೆಂಟ್ಸ್ ಘಟಕಗಳಿಗೆ ಬಂಡವಾಳ ಮತ್ತು ವಿದ್ಯುತ್ ಸಹಾಯಧನ, ಭವಿಷ್ಯನಿಧಿ ಹಾಗೂ ಇಎಸ್‌ಐ ವಂತಿಗೆಯ ಮರುಪಾವತಿ ಮುಂತಾದ ನೆರವು ಸಾರ್ವಜನಿಕರ ಹಣದಿಂದ ಹೋಗುತ್ತದೆ. ವೇತನದ ಬಾಕಿ ಇಲ್ಲ ಎಂಬ ಕಾರ್ಮಿಕ ಇಲಾಖೆಯ ದೃಢೀಕರಣವಿಲ್ಲದೆ ಈ ನೆರವು ಬಿಡುಗಡೆಯಾಗಬಾರದು. ಸಾಮಾಜಿಕ ಹೊಣೆಗಾರಿಕೆಯ ವಾರ್ಷಿಕ ವರದಿಯ ಮೊದಲ ಪುಟದಲ್ಲೇ ಶಾಸನಬದ್ಧ ಬಾಕಿಗಳ ವಿವರ ಇರಬೇಕೆಂದು ಕೇಂದ್ರ ಸರ್ಕಾರ ನಿಯಮ ತರಲಿ. ಇನ್ನು 2020 ಮತ್ತು 2022 ರ ನಡುವೆ ಕೆಲಸ ಬಿಟ್ಟು ಹಾಸನ, ಮಂಡ್ಯ, ಚಿತ್ರದುರ್ಗದ ಊರುಗಳಿಗೆ ಮರಳಿದವರ ಬಾಕಿ ಏನಾಯಿತು ಎಂಬುದನ್ನು ಕಾರ್ಮಿಕ ಇಲಾಖೆ ಕಾರ್ಖಾನೆವಾರು ಪ್ರಕಟಿಸಬೇಕು. ಅವರ ಯುಎಎನ್ (ಭವಿಷ್ಯನಿಧಿ ಸದಸ್ಯರ ಗುರುತಿನ ಸಂಖ್ಯೆ), ಬ್ಯಾಂಕ್ ಖಾತೆಯ ವಿವರ ಎರಡೂ ಭವಿಷ್ಯನಿಧಿ ಕಚೇರಿಯ ಕಡತದಲ್ಲಿವೆ, ಹುಡುಕಲಾಗಲಿಲ್ಲ ಎಂಬ ಉತ್ತರಕ್ಕೆ ಅಲ್ಲಿ ಜಾಗವಿಲ್ಲ.

ಇಂತಿ,
ಗಾರ್ಮೆಂಟ್ಸ್ ಕಾರ್ಖಾನೆಯ ನಿವೃತ್ತ ಲೆಕ್ಕಪತ್ರ ಸಿಬ್ಬಂದಿ,
ಪೀಣ್ಯ, ಬೆಂಗಳೂರು