ಮೊದಲ ಸೂಜಿ ಜೆಲ್ಲಿಗೆ ಚುಚ್ಚಲಿ, ರೋಗಿಯ ಕತ್ತಿಗಲ್ಲ

ಸಂಪಾದಕರಿಗೆ ನಮಸ್ಕಾರ.

ನಾನು ಮೆಡಿಕಲ್ ಕಾಲೇಜೊಂದರ ಅರಿವಳಿಕೆ ವಿಭಾಗದಲ್ಲಿ ಪಾಠ ಮಾಡುವವಳು. ಸ್ಕ್ಯಾನಿಂಗ್ ಅಂದ ಕೂಡಲೇ ಜನಕ್ಕೆ ನೆನಪಾಗುವುದು ಬಸುರಿಯರ ಹೊಟ್ಟೆ. ಆದರೆ ಐಸಿಯುನಲ್ಲಿ, ಆಪರೇಷನ್ ಥಿಯೇಟರ್‌ನಲ್ಲಿ ನಾವು ಅದೇ ಮೆಷಿನ್ ನೋಡಿಕೊಂಡು ಕತ್ತಿನ ದೊಡ್ಡ ರಕ್ತನಾಳಕ್ಕೆ ಸೂಜಿ ಹಾಕಿ, ಔಷಧಿ ಕೊಡುವ ಸಣ್ಣ ನಳಿಕೆ ಇಳಿಸುತ್ತೇವೆ. ಇದಕ್ಕೆ ಸೆಂಟ್ರಲ್ ಲೈನ್ ಅಂತಾರೆ. ಕೈಯಂದಾಜಿನಲ್ಲಿ ಚುಚ್ಚಬೇಡಿ, ಅಲ್ಟ್ರಾಸೌಂಡ್ ನೋಡಿ ಚುಚ್ಚಿ ಎಂದು ಚಿಕಿತ್ಸೆಗಳ ಬಗ್ಗೆ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2002ರಲ್ಲೇ ಸಲಹೆ ಕೊಟ್ಟಿತ್ತು. ಕಾರಣ ಇಷ್ಟೇ: ನಾವು ಹುಡುಕುವ, ಹೃದಯಕ್ಕೆ ರಕ್ತ ಮರಳಿಸುವ ಅಭಿಧಮನಿಯ ಪಕ್ಕದಲ್ಲೇ ಮಿದುಳಿಗೆ ರಕ್ತ ಒಯ್ಯುವ ಕ್ಯಾರೋಟಿಡ್ ಅಪಧಮನಿ ಇರುತ್ತದೆ, ಸ್ವಲ್ಪ ಕೆಳಗೆ ಶ್ವಾಸಕೋಶದ ತುದಿ.

ಮೆಷಿನ್ ಬಂತು, ಸರಿ. ಅದನ್ನು ನೋಡಿಕೊಂಡು ಕೈ ಆಡಿಸುವುದನ್ನು ಎಲ್ಲಿ ಕಲಿಯಬೇಕು? ಎಷ್ಟೋ ಕಡೆ ಇವತ್ತಿಗೂ ನೇರವಾಗಿ ರೋಗಿಯ ಮೇಲೆಯೇ. ಹಿರಿಯರು ಪಕ್ಕದಲ್ಲಿ ನಿಂತಿರುತ್ತಾರೆ, ನಿಜ, ಆದರೆ ಸೂಜಿಯ ತುದಿ ಪರದೆ ಮೇಲೆ ಕಾಣದಿದ್ದರೂ ಕೈ ಮುಂದೆ ಹೋಗಿಬಿಡುವುದು ಹೊಸಬರ ಸಾಮಾನ್ಯ ತಪ್ಪು. ಅದನ್ನು ತಿದ್ದಬೇಕಾದ ಜಾಗ ಕಾಯಿಲೆಯಿಂದ ನರಳುತ್ತಿರುವ ಮನುಷ್ಯನ ಕತ್ತಲ್ಲ. ಅಭ್ಯಾಸಕ್ಕೆಂದೇ ಹೊರದೇಶದಿಂದ ಬರುವ ಮಾದರಿಗಳಿವೆ, ಆದರೆ ಬೆಲೆ ಕೇಳಿದರೆ ಆಡಳಿತ ಮಂಡಳಿ ಫೈಲ್ ಮುಚ್ಚಿಡುತ್ತದೆ. ಹೇಗೋ ಕೊಂಡರೂ ತೂತಾಗಿ ಹಾಳಾದೀತು ಅಂತ ಬೀರುವಿನಲ್ಲಿಟ್ಟು ಬೀಗ ಹಾಕುತ್ತಾರೆ.

ಇಷ್ಟೆಲ್ಲ ಬೇಕಾಗಿಯೇ ಇಲ್ಲ, ಅಭ್ಯಾಸದ ಮಾದರಿಯನ್ನು ನಾವೇ ಮಾಡಿಕೊಳ್ಳಬಹುದು. ಒಂದು ಲೀಟರ್ ನೀರಿಗೆ ಜೆಲ್ಲಿ ಮಾಡಲು ಬಳಸುವ ಜೆಲಟಿನ್ ಪುಡಿ ಸುಮಾರು 100 ಗ್ರಾಂ ಸಾಕು. ಜೊತೆಗೆ ಮಲಬದ್ಧತೆಗೆ ಮೆಡಿಕಲ್ ಶಾಪ್‌ನಲ್ಲಿ ಕೊಡುವ ಇಸಬ್ಗೋಲ್ ನಾಲ್ಕೈದು ಚಮಚ ಬೆರೆಸಬೇಕು. ಬರೀ ಜೆಲಟಿನ್ ಪರದೆ ಮೇಲೆ ಕಪ್ಪಗೆ ಕಾಣುತ್ತದೆ, ಇಸಬ್ಗೋಲ್ ಸೇರಿದರೆ ಮಾಂಸದ ಹಾಗೆ ಬೂದು ಬಣ್ಣದ ಕಾಳುಕಾಳು ಚಿತ್ರ ಬರುತ್ತದೆ. ಮೇಲೆ ಬಂದ ನೊರೆಯನ್ನು ಪೂರ್ತಿ ತೆಗೆಯಬೇಕು, ಯಾಕೆಂದರೆ ಗಾಳಿಗುಳ್ಳೆ ಇದ್ದಲ್ಲಿ ಅಲ್ಟ್ರಾಸೌಂಡ್ ದಾಟುವುದಿಲ್ಲ. ಪ್ಲಾಸ್ಟಿಕ್ ಡಬ್ಬಿಗೆ ಅರ್ಧ ಸುರಿದು, ಅದು ಗಟ್ಟಿಯಾದ ಮೇಲೆ ಉದ್ದನೆಯ ಬಲೂನಿಗೆ ನೀಲಿ ನೀರು ತುಂಬಿ ಮಲಗಿಸಿ, ಪಕ್ಕದಲ್ಲಿ ಕೆಂಪು ನೀರು ತುಂಬಿದ ದಪ್ಪ ರಬ್ಬರ್ ಟ್ಯೂಬ್ ಇಟ್ಟು, ಉಳಿದರ್ಧ ಸುರಿದರೆ ಆಯ್ತು. ಬಲೂನು ಸ್ವಲ್ಪ ಸಡಿಲವಾಗಿಯೇ ಇರಲಿ. ಪ್ರೋಬ್, ಅಂದರೆ ಮೈಮೇಲೆ ಇಟ್ಟು ನೋಡುವ ಮೆಷಿನ್‌ನ ಹಿಡಿ, ಒತ್ತಿದಾಗ ಅಭಿಧಮನಿಯಂತೆ ಅದು ಚಪ್ಪಟೆಯಾಗುತ್ತದೆ, ಟ್ಯೂಬ್ ಮಾತ್ರ ಗುಂಡಗೇ ಉಳಿಯುತ್ತದೆ. ಎರಡರ ವ್ಯತ್ಯಾಸ ಹಿಡಿಯುವುದೇ ಇಲ್ಲಿ ಮೊದಲ ಪಾಠ. ಸಿರಿಂಜ್ ಎಳೆದಾಗ ನೀಲಿ ಬಂದರೆ ಸರಿ, ಕೆಂಪು ಬಂದರೆ ಅಪಧಮನಿಗೆ ಚುಚ್ಚಿದ್ದೀರಿ. ಯಾರೂ ಬೈಯಬೇಕಾಗಿಲ್ಲ, ಹುಡುಗರಿಗೆ ಅವರಷ್ಟಕ್ಕೇ ಗೊತ್ತಾಗುತ್ತದೆ.

ನಮ್ಮ ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಫ್ರಿಜ್‌ನಿಂದ ಹೊರಗಿಟ್ಟ ಜೆಲಟಿನ್ ನಿಲ್ಲುವುದಿಲ್ಲ, ಕರಗುತ್ತದೆ. ಅದು ಪ್ರಾಣಿಗಳಿಂದ ಬರುವ ವಸ್ತು ಅಂತ ಮುಟ್ಟಲು ಹಿಂಜರಿಯುವ ಮಕ್ಕಳೂ ಇದ್ದಾರೆ. ಅಂಥಲ್ಲಿ ಸಿಹಿತಿಂಡಿಗೆ ಬಳಸುವ ಚೈನಾ ಗ್ರಾಸ್, ಅಂದರೆ ಅಗರ್, ಒಳ್ಳೆಯದು. ಸಮುದ್ರದ ಪಾಚಿಯಿಂದ ಮಾಡಿದ್ದು, ಬಿಸಿಲಿಗೆ ಕರಗುವುದಿಲ್ಲ. ಆದರೆ ಸೂಜಿಗೆ ಬೇಗ ಬಿರುಕು ಬಿಡುತ್ತದೆ. ಕೋಳಿಯ ಎದೆಮಾಂಸದೊಳಗೆ ಟ್ಯೂಬ್ ತೂರಿಸಿ ಕಲಿಸುವವರೂ ಇದ್ದಾರೆ. ಚಿತ್ರ ತುಂಬಾ ಚೆನ್ನಾಗಿ ಬರುತ್ತದೆ, ವಾಸನೆ ಮಾತ್ರ ಬೇಗ ಶುರುವಾಗುತ್ತದೆ.

ಜೆಲ್ಲಿ ಉಸಿರಾಡುವುದಿಲ್ಲ, ಅದರಲ್ಲಿ ನಾಡಿ ಮಿಡಿಯುವುದಿಲ್ಲ. ಇದರಲ್ಲಿ ಕಲಿತವರನ್ನು ಒಬ್ಬರೇ ರೋಗಿಯ ಹತ್ತಿರ ಬಿಡಿ ಅಂತ ನಾನು ಹೇಳುತ್ತಿಲ್ಲ. ಒಂದು ಕೈಯಲ್ಲಿ ಪ್ರೋಬ್, ಇನ್ನೊಂದರಲ್ಲಿ ಸೂಜಿ, ಕಣ್ಣು ಪರದೆ ಮೇಲೆ, ಈ ಹೊಂದಾಣಿಕೆಯಾದರೂ ಮೊದಲೇ ಕೂಡಿಬರಲಿ ಅಲ್ವಾ?

ಭ್ರೂಣಲಿಂಗ ಪತ್ತೆ ತಡೆ ಕಾಯ್ದೆ ಇರುವುದರಿಂದ ಮೆಷಿನ್ ಅನ್ನು ಬೇಕಾದಲ್ಲಿಗೆ ಹೊತ್ತೊಯ್ಯುವಂತಿಲ್ಲ, ಹಾಗಾಗಿ ತರಬೇತಿ ಕಷ್ಟ ಅಂತ ಕೆಲವರು ಹೇಳುತ್ತಾರೆ. ಕಾಯ್ದೆ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಡಬ್ಬಿಯನ್ನೇ ಮೆಷಿನ್ ಇರುವಲ್ಲಿಗೆ ತಗೊಂಡು ಹೋಗಬಹುದಲ್ಲ! ದಿನದ ಕೇಸ್‌ಗಳು ಮುಗಿದ ಮೇಲೆ ಪ್ರೋಬ್‌ಗೆ ಪ್ಲಾಸ್ಟಿಕ್ ಹಾಳೆ ಸುತ್ತಿ ಕಲಿಸಿದರಾಯ್ತು. ಅಭ್ಯಾಸಕ್ಕೆ ಬಳಸಿದ ಸೂಜಿ, ಸಿರಿಂಜ್‌ಗಳು ಮಾತ್ರ ರೋಗಿಯ ಟ್ರಾಲಿಗೆ ವಾಪಸ್ ಹೋಗದ ಹಾಗೆ ಬೇರೆಯಾಗಿಯೇ ಇರಬೇಕು. ಇದರಲ್ಲಿ ಸಡಿಲ ಬಿಡಬಾರದು.

2019ರಿಂದ ಬಂದ ಹೊಸ ಎಂಬಿಬಿಎಸ್ ಪಠ್ಯಕ್ರಮ ಕಾಲೇಜುಗಳಿಗೆ ಸ್ಕಿಲ್ ಲ್ಯಾಬ್, ಅಂದರೆ ಮಾದರಿಗಳ ಮೇಲೆ ಕೈಕೆಲಸ ಕಲಿಯುವ ಕೊಠಡಿ, ಬೇಕು ಅನ್ನುತ್ತದೆ. ಲ್ಯಾಬ್ ಇದ್ದರೆ ಸಾಲದು, ಅದರ ಬಾಗಿಲು ಪಿಜಿ ವಿದ್ಯಾರ್ಥಿಗಳಿಗೂ ತೆರೆದಿರಬೇಕು. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದವರಲ್ಲಿ ನನ್ನ ಬೇಡಿಕೆ ಒಂದೇ. ಪಿಜಿಗಳ ಲಾಗ್‌ಬುಕ್‌ನಲ್ಲಿ ಸೆಂಟ್ರಲ್ ಲೈನ್ ಕಾಲಂಗೆ ಮುಂಚೆ ಇನ್ನೊಂದು ಕಾಲಂ ಹಾಕಿಸಿ: ಮಾದರಿಯ ಮೇಲೆ ಅಭ್ಯಾಸ ಆಗಿದೆಯೇ, ಕಲಿಸಿದವರ ಸಹಿ. ಆ ಸಹಿ ಬೀಳುವವರೆಗೆ ರೋಗಿಯ ಮೇಲೆ ಸೂಜಿ ಹಿಡಿಯುವ ಹಾಗಿಲ್ಲ ಅಂತ ಆದೇಶ ಮಾಡಿ.

ಅರಿವಳಿಕೆ ವೈದ್ಯೆ, ಕಲಬುರಗಿ