ನೇಪಾಳದ ಆಟಗಾರರ ಲೆಕ್ಕ ಒಂದು ಸಾಲಿಗೆ ಮುಗಿಯುವುದಿಲ್ಲ

ಮಾನ್ಯ ಸಂಪಾದಕರೇ,

ಮೊನ್ನೆ ನಿಮ್ಮ ಕ್ರೀಡಾ ಪುಟದಲ್ಲಿ ಟಿ20 ದಾಖಲೆಗಳ ಪಟ್ಟಿ ಬಂದಿತ್ತು. ವೇಗದ ಅರ್ಧಶತಕ: ದೀಪೇಂದ್ರ ಸಿಂಗ್ ಐರಿ, ನೇಪಾಳ, 9 ಎಸೆತ. ಅಷ್ಟೇ ಇತ್ತು. ಅದನ್ನು ಓದಿದ ನನ್ನ ಮಗ, "ಮಂಗೋಲಿಯಾ ಮೇಲೆ ಹೊಡೆದದ್ದು ತಾನೇ, ಅದೇನು ದೊಡ್ಡ ವಿಷಯ" ಅಂದ. ಅವನ ಮಾತು ಸುಳ್ಳಲ್ಲ. ಆದರೆ ಪೂರ್ತಿಯೂ ಅಲ್ಲ. ಅದಕ್ಕೇ ಈ ಪತ್ರ.

2023ರ ಸೆಪ್ಟೆಂಬರ್ 27, ಚೀನಾದ ಹಾಂಗ್‌ಝೌ ಏಷ್ಯನ್ ಗೇಮ್ಸ್. ನೇಪಾಳ 20 ಓವರಿಗೆ 3 ವಿಕೆಟ್ ಕಳೆದುಕೊಂಡು 314. ಮಂಗೋಲಿಯಾಕ್ಕೆ ಅದು ಮೊದಲ ಅಂತರರಾಷ್ಟ್ರೀಯ ಟಿ20 ಪಂದ್ಯ, 41ಕ್ಕೆ ಆಲೌಟ್ ಆಯಿತು. ಅವತ್ತು ಐರಿ 10 ಎಸೆತಕ್ಕೆ 52 ಹೊಡೆದರು, ಅದರಲ್ಲಿ 8 ಸಿಕ್ಸರ್. ಕುಶಲ್ ಮಲ್ಲ 34 ಎಸೆತಕ್ಕೆ ಶತಕ ಬಾರಿಸಿದ್ದು ಆಗಿನ ವಿಶ್ವದಾಖಲೆ. ಐದೇ ತಿಂಗಳಲ್ಲಿ ನಮೀಬಿಯಾದ ಲಾಫ್ಟಿ ಈಟನ್ ಅದನ್ನು ಮುರಿದರು. ಅದೂ ಎಲ್ಲಿ? ನೇಪಾಳದ್ದೇ ಕೀರ್ತಿಪುರದಲ್ಲಿ, ನೇಪಾಳದ ಬೌಲರ್‌ಗಳ ಮೇಲೇ! ಎದುರಾಳಿ ಯಾರು ಅಂತ ಹೇಳಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಹಾಗೆ ಹೇಳಿದ ಮೇಲೆ, ಇದೇ ಹುಡುಗರು ಬೇರೆಯವರ ಎದುರು ಏನು ಮಾಡಿದ್ದಾರೆ ಅಂತಲೂ ಹೇಳಬೇಕಲ್ವಾ?

ನಮ್ಮ ಅಪಾರ್ಟ್‌ಮೆಂಟಿನ ಸೆಕ್ಯೂರಿಟಿ ನೇಪಾಳದವರು, ಪಶ್ಚಿಮದ ಕೊನೆಯ ಕಡೆಯ ಊರು. 2024ರ ಜೂನ್ 15ರ ಬೆಳಿಗ್ಗೆ ನಾನು ಹಾಲಿಗೆ ಅಂತ ಇಳಿದರೆ, ಗೇಟಿನ ಪಕ್ಕದ ಕ್ಯಾಬಿನ್‌ನಲ್ಲಿ ಅವರು ರಿಜಿಸ್ಟರಿಗೆ ಮೊಬೈಲ್ ಆನಿಸಿಟ್ಟು ನಿಂತೇ ಮ್ಯಾಚ್ ನೋಡುತ್ತಿದ್ದರು. ಸ್ಕ್ರೀನ್ ಒಡೆದಿತ್ತು, ಸ್ಕೋರು ಕಾಣಬೇಕಾದರೆ ತಲೆ ಓರೆ ಮಾಡಬೇಕು. ಟಿ20 ವಿಶ್ವಕಪ್, ದಕ್ಷಿಣ ಆಫ್ರಿಕಾ ಎದುರು. ಆಫ್ರಿಕಾದವರು ಹೊಡೆದದ್ದು ಬರೀ 115, ಬಿದ್ದ 7 ವಿಕೆಟ್‌ನಲ್ಲಿ ಕುಶಲ್ ಭುರ್ತೆಲ್‌ಗೆ ನಾಲ್ಕು, ಇದೇ ಐರಿಗೆ ಮೂರು. ನಾನೂ ಹಾಲಿನ ಪ್ಯಾಕೆಟ್ ಹಿಡಿದುಕೊಂಡು ಅಲ್ಲೇ ನಿಂತೆ. ಕೊನೆಯ ಎಸೆತಕ್ಕೆ ಎರಡು ರನ್ ಬೇಕು, ಒಂದು ಬಂದರೂ ಸೂಪರ್ ಓವರ್. ಗುಲ್ಶನ್ ಝಾ ಬ್ಯಾಟ್ ಬೀಸಿದರು, ಸಿಗಲಿಲ್ಲ, ಓಡಿದರು, ರನೌಟ್. ಒಂದು ರನ್ನಿನ ಸೋಲು. ಅವರು ಮೊಬೈಲ್ ಆರಿಸಿ ಜೇಬಿಗಿಟ್ಟುಕೊಂಡು ಹೋಗಿ ಗೇಟು ತೆಗೆದರು, ಯಾರದೋ ಕಾರು ಹಾರ್ನ್ ಹೊಡೀತಿತ್ತು. ದಾಖಲೆಗಳ ಪಟ್ಟಿಯಲ್ಲಿ ಈ ಬೆಳಿಗ್ಗೆಗೆ ಜಾಗವೇ ಇಲ್ಲ.

ಇನ್ನೊಂದು ವಿಷಯ, ನನಗೆ ಜಾಸ್ತಿ ನೋವು ಕೊಡುವುದು ಇದೇ. ಪಾರಸ್ ಖಡ್ಕಾ ಅಂತ ಕ್ಯಾಪ್ಟನ್ ಇದ್ದರು. ಹದಿನೈದು ವರ್ಷಕ್ಕೂ ಜಾಸ್ತಿ ದೇಶಕ್ಕೆ ಆಡಿ 2021ರಲ್ಲಿ ನಿವೃತ್ತರಾದರು. ಪಟ್ಟಿ ತೆಗೆದರೆ 33 ಟಿ20 ಪಂದ್ಯ, 799 ರನ್. ಇಷ್ಟೇನಾ ಅನ್ನಿಸುತ್ತೆ. ಆದರೆ ನೇಪಾಳಕ್ಕೆ ಅಂತರರಾಷ್ಟ್ರೀಯ ಟಿ20 ಮಾನ್ಯತೆ ಸಿಕ್ಕಿದ್ದೇ 2014ರಲ್ಲಿ, ಮರುವರ್ಷ ಅದೂ ಹೋಯಿತು, ಮತ್ತೆ ಬಂದದ್ದು 2018ಕ್ಕೆ. ಅದರಾಚೆ ಎಲ್ಲೆಲ್ಲೋ ಡಿವಿಷನ್ ಲೀಗ್‌ಗಳಲ್ಲಿ, ಅಂದರೆ ಸಣ್ಣ ತಂಡಗಳ ಕೆಳಹಂತದ ಟೂರ್ನಿಗಳಲ್ಲಿ ಆಡಿದ ಒಳ್ಳೊಳ್ಳೆ ವರ್ಷಗಳು ಈ ಲೆಕ್ಕಕ್ಕೆ ಬರಲೇ ಇಲ್ಲ. ನೇಪಾಳದ ಮೊದಲ ಟಿ20 ಶತಕವೂ ಅವರದ್ದೇ, 2019ರಲ್ಲಿ ಸಿಂಗಪುರದ ಎದುರು ಔಟಾಗದೆ 106. ಅಂಥವರ ಹೆಸರಿನ ಮುಂದೆ ಸುಮ್ನೆ ಒಂದು ಅಂಕಿ ಹಾಕಿದರೆ ಓದುವವರಿಗೆ ಏನು ಗೊತ್ತಾಗಬೇಕು ಹೇಳಿ.

ಆರ್‌ಸಿಬಿ ಅಭಿಮಾನಿಗಳಿಗೆ 2018ರ ಮೇ 12ರ ಡೆಲ್ಲಿ ಪಂದ್ಯ ನೆನಪಿರಬಹುದು. ಕೊಹ್ಲಿ 70, ಡಿವಿಲಿಯರ್ಸ್ 72. ಆ ಪಂದ್ಯದಲ್ಲೇ 17 ವರ್ಷದ ಸಂದೀಪ್ ಲಾಮಿಛಾನೆ ಐಪಿಎಲ್ ಆಡಿದ ಮೊದಲ ನೇಪಾಳಿ ಆದದ್ದು. ನಮ್ಮವರು ಚಚ್ಚುತ್ತಿದ್ದ ದಿನ 4 ಓವರಿಗೆ ಬರೀ 25 ರನ್ ಕೊಟ್ಟು ಪಾರ್ಥಿವ್ ಪಟೇಲ್ ವಿಕೆಟ್ ತೆಗೆದರು. ನಾನು ಅವತ್ತು ಆರ್‌ಸಿಬಿ ಗೆದ್ದ ಖುಷಿಯಲ್ಲಿ ಇದನ್ನು ಗಮನಿಸಲೇ ಇಲ್ಲ.

ಹೆಣ್ಣುಮಕ್ಕಳದ್ದಂತೂ ಯಾರೂ ಬರೆಯುವುದಿಲ್ಲ. 2019ರ ಡಿಸೆಂಬರಿನಲ್ಲಿ ಪೋಖರಾದಲ್ಲಿ ಅಂಜಲಿ ಚಂದ್ ಮಾಲ್ಡೀವ್ಸ್ ಎದುರು 13 ಎಸೆತ ಹಾಕಿ, ಒಂದೂ ರನ್ ಕೊಡದೆ 6 ವಿಕೆಟ್ ತೆಗೆದರು.

ಇನ್ನು ನೇಪಾಳದ ಪುರುಷರ ತಂಡ, 2025ರ ಸೆಪ್ಟೆಂಬರಿನಲ್ಲಿ ಶಾರ್ಜಾದಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಟಿ20 ಸರಣಿಯನ್ನೇ 2-1ರಿಂದ ಗೆದ್ದರು. ಮೊದಲ ಪಂದ್ಯ ಗೆದ್ದದ್ದು ಸೆಪ್ಟೆಂಬರ್ 27ಕ್ಕೆ. ಅದೇ ಮಂಗೋಲಿಯಾ ಪಂದ್ಯದ ತಾರೀಕು, ಸರಿಯಾಗಿ ಎರಡು ವರ್ಷಕ್ಕೆ. ಎರಡನೆಯದರಲ್ಲಿ ವೆಸ್ಟ್ ಇಂಡೀಸನ್ನು 83ಕ್ಕೆ ಉರುಳಿಸಿದರು. ಇದನ್ನು ನನ್ನ ಮಗನಿಗೂ ತೋರಿಸಿದೆ, ಸುಮ್ಮನೆ ಕೂತು ಪೂರ್ತಿ ಸ್ಕೋರ್‌ಕಾರ್ಡ್ ನೋಡಿದ.

ನನ್ನ ಕೋರಿಕೆ ಇಷ್ಟೇ. ಇನ್ನು ಮುಂದೆ ನೇಪಾಳದ ಆಟಗಾರರ ದಾಖಲೆ ಹಾಕುವಾಗ ಯಾರ ಎದುರು, ಎಂಥ ಪಂದ್ಯ, ಒಟ್ಟು ಎಷ್ಟು ಅವಕಾಶದಲ್ಲಿ ಅಂತ ನಾಲ್ಕು ಸಾಲು ಜಾಸ್ತಿ ಕೊಡಿ. ಬೆಂಗಳೂರಿನಲ್ಲಿ ಹೋಟೆಲು, ಅಪಾರ್ಟ್‌ಮೆಂಟು, ಮೊಮೊ ಅಂಗಡಿಗಳಲ್ಲಿ ದುಡಿಯುವ ನೇಪಾಳಿಗರು ಎಷ್ಟೊಂದು ಜನ ಇದ್ದಾರೆ. ಆಗುವುದಾದರೆ ಐರಿ ಅವರದ್ದೊಂದು ಫೋಟೋ ಕೂಡ ಹಾಕಿ. ನಮ್ಮ ಸೆಕ್ಯೂರಿಟಿಗೆ ಕನ್ನಡ ಓದಲು ಬರುವುದಿಲ್ಲ, ಆದರೆ ದಿನಾ ಪೇಪರ್ ನನ್ನ ಕೈಗೆ ಕೊಡುವ ಮೊದಲು ಕೊನೆಯ ಪುಟ ತಿರುಗಿಸಿ ನೋಡುತ್ತಾರೆ.

ಇಂತಿ,
ನಿಮ್ಮ ಓದುಗ, ಬೆಂಗಳೂರು